ಸುಮ್ಮನೆ ಹೇಳಿದ ಮಾತು

ಚಳಿಗಾಲದಲ್ಲಿ ಕಾಪಾಡಲೆಂದು ತಂತಿಬಲೆಯನ್ನು ಬಾಳೆಯ ಸುತ್ತ ಕೊಳವೆಯಂತೆ ನಿಲ್ಲಿಸಿ, ಕ್ಲಿಫ್ ಅದರೊಳಕ್ಕೆ ಮೊದಲ ತೆಕ್ಕೆ ಹುಲ್ಲು ತುರುಕುತ್ತಿದ್ದಾಗ ಬೇಲಿಯಾಚೆಯಿಂದ ಪಕ್ಕದ ಮನೆಯ ಮೇವಿಸ್ ಮಾತಾಡಿಸಿದಳು. ವರ್ಷದ ಮೊದಲ ಹಿಮಕ್ಕೆ ಎಲೆಗಳೆಲ್ಲ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದಿದ್ದವು. ಅವನ್ನು ಕೊಯ್ದು ಹಾಕಿಯಾಗಿತ್ತು. ಉಳಿದದ್ದು ಆಳೆತ್ತರದ ಬೋಳು ಕಂಬ.

"ಟೋಪಿ ಹಾಕೋದು ಯಾವಾಗ ಇದಕ್ಕೆ?"

"ಕಡೇಲಿ. ಗೋಣಿ ಸುತ್ತಿ, ಮೇಲೆ ಕುಂಡ ಬೋರಲು ಹಾಕಿದ್ರೆ ಮುಗೀತು. ಮಳೆನೀರು ಒಳಗಿಳಿದ್ರೆ ಕೊಳೆತುಹೋಗುತ್ತಲ್ಲ."

ಮೇವಿಸ್ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬೇಲಿಗೆ ಒರಗಿದಳು. "ಒಂದ್ಮಾತು ಹೇಳ್ಲಾ ಕ್ಲಿಫ್? ನಗಬಾರದು ಮತ್ತೆ. ಹೋದ ಚಳಿಗಾಲ ಪೂರ್ತಿ, ಬೆಳಿಗ್ಗೆ ಅಡುಗೆಮನೆ ಪರದೆ ಸರಿಸಿದ್ರೆ ಮಬ್ಬಲ್ಲಿ ಇದೇ ಕಾಣೋದು. ಕೋಟು, ಟೋಪಿ ಹಾಕ್ಕೊಂಡು ನಮ್ಮ ಹ್ಯಾರಲ್ಡೇ ನಿಂತಿದ್ದ ಹಾಗೆ. ದಿನಾ ಎದೆ ಧಸಕ್ ಅನ್ನೋದು."

ಹ್ಯಾರಲ್ಡ್ ಅವಳ ಗಂಡ. ತೀರಿಕೊಂಡು ವರ್ಷವಾಗಿತ್ತು, ಅಷ್ಟೆ.

"ಅಯ್ಯೋ, ಆಗಲೇ ಹೇಳಬಾರದಿತ್ತಾ?"

"ಛೆ, ಅದಕ್ಕೆಲ್ಲ ನೀನು ತಲೆ ಕೆಡಿಸ್ಕೋಬೇಡ. ಸುಮ್ನೆ ಹೇಳ್ದೆ. ನಿನ್ನ ಕೆಲ್ಸ ನೀನು ಮಾಡು." ಉಳಿದ ಚಹಾವನ್ನು ಹುಲ್ಲಿನ ಮೇಲೆ ಚೆಲ್ಲಿ ಒಳಗೆ ಹೋದಳು.

ಹ್ಯಾಲಿಫ್ಯಾಕ್ಸಿನ ಗುಡ್ಡದ ಮೇಲಿನ ಆ ಬೀದಿಯಲ್ಲಿ ಯಾರೂ ಏನನ್ನೂ ನೇರವಾಗಿ ಕೇಳಿದವರಲ್ಲ. "ನಿಮ್ಮ ನಾಯಿಗೆ ಒಳ್ಳೇ ಗಂಟಲು ಕಣ್ರೀ" ಅಂದರೆ ಬೊಗಳದಂತೆ ನೋಡಿಕೊಳ್ಳಿ ಎಂದರ್ಥ. "ಏಣಿಗೇನೂ ಅವಸರವಿಲ್ಲ" ಅಂದರೆ ಇವತ್ತೇ ತಂದುಕೊಡಿ ಎಂದರ್ಥ. "ಸುಮ್ನೆ ಹೇಳ್ದೆ" ಎಂಬುದರ ಅರ್ಥವನ್ನು ಕ್ಲಿಫ್‌ಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಒಳಗೆ ಹೋಗಿ ಹೆಂಡತಿಯನ್ನು ಕೇಳಿದ.

"ಸುಮ್ನೆ ಹೇಳ್ದೆ ಅಂದಳಾ? ಹಾಗಿದ್ರೆ ಇನ್ನೇನು ಕೇಳ್ತೀಯ," ಅಂದಳು ಬೆರಿಲ್. "ಪಾಪ, ಅಷ್ಟು ಬಾಯಿ ಬಿಡೋಕೆ ಎಷ್ಟು ಒದ್ದಾಡಿದಾಳೋ."

"ಕಡಿದ್ರೆ ಗಿಡ ಸಾಯಲ್ಲ, ಗಡ್ಡೆಯಿಂದ ಮತ್ತೆ ಚಿಗುರುತ್ತೆ. ಆದ್ರೆ ಮೊದಲಿಂದ ಶುರು. ನಾಲ್ಕು ಚಳಿಗಾಲ ಕಾಪಾಡಿದ ಕಂಬ ಕಣೇ. ಬರೋ ಬೇಸಿಗೆಗೆ ಹೂ ಬಿಡಬಹುದಿತ್ತು."

"ಬಿಟ್ರೆ? ಕಾಯಿ ಒಳಗೆಲ್ಲ ಬೀಜ, ತಿನ್ನೋಕೆ ಬರಲ್ಲ ಅಂತ ನೀನೇ ಹೇಳ್ತೀಯ."

"ತಿನ್ನೋಕಲ್ಲ. ನೋಡೋಕೆ. ಈ ಗುಡ್ಡದ ಮೇಲೆ ಬಾಳೆ ಹೂ ಬಿಟ್ಟಿದ್ದನ್ನ ಯಾರೂ ನೋಡಿಲ್ಲ."

"ನಿಂಗೀಗ ಎಪ್ಪತ್ತಾರು. ಇನ್ನೂ ನಾಲ್ಕು ವರ್ಷ ಬದುಕೋಕೆ ಒಂದು ಕಾರಣ ಸಿಕ್ತು ಅಂದ್ಕೋ," ಅಂದು ಬೆರಿಲ್ ಆಲೂಗಡ್ಡೆ ಹೆರೆಯುವುದಕ್ಕೆ ತಿರುಗಿದಳು.

ಬಲೆ ಬಿಚ್ಚಿಟ್ಟು ಕ್ಲಿಫ್ ಗರಗಸ ತಂದ. ಮರವಾಗಿದ್ದರೆ ಒಂದಿಷ್ಟು ತಡೆಯುತ್ತಿತ್ತು. ಇದು ನೀರು ಕುಡಿದ ಕಂಬ, ಮೊಣಕಾಲೆತ್ತರದಲ್ಲಿ ಕ್ಷಣದಲ್ಲಿ ತುಂಡಾಗಿ ಪಕ್ಕಕ್ಕೆ ಒರಗಿತು. ಬಾಗಿ ನೋಡಿದ. ಸುತ್ತು ಸುತ್ತಾದ ಹಸಿರು ಪದರಗಳ ನಟ್ಟನಡುವೆ ಕಾಸಗಲದ ಬಿಳಿ ದಿಂಡು. ಅಂದರೆ ಹೂವು ಆಗಲೇ ಬುಡದಿಂದ ಹೊರಟು ಒಳಗೊಳಗೇ ಮೇಲೇರುತ್ತಿತ್ತು. ಒಂದು ತೆಕ್ಕೆ ತರಗೆಲೆ ತಂದು ಅದರ ಮೇಲೆ ಸುರಿದು, ಕೈ ತೊಳೆದು ಊಟಕ್ಕೆ ಕೂತ.

ಮರುದಿನ ಬೆಳಿಗ್ಗೆ ಬೆಳಕು ಪೂರ್ತಿ ಹರಿಯುವ ಮೊದಲೇ ಮೇವಿಸ್ ಬೇಲಿಯ ಹತ್ತಿರ ಬಂದು ನಿಂತಿದ್ದಳು. ಮೈಮೇಲೆ ರಾತ್ರಿಯ ನಿಲುವಂಗಿಯೇ ಇತ್ತು; ಮನೆಯೊಳಗಿನ ಚಪ್ಪಲಿ ಇಬ್ಬನಿಯಲ್ಲಿ ನೆನೆದಿತ್ತು.

"ಎಲ್ಲಿ ಅದು?"

"ಕಡಿದುಹಾಕ್ದೆ ಮೇವಿಸ್. ಇನ್ನು ನಿಂಗೆ ಆ ಕಾಟ ಇಲ್ಲ."

ಅವಳು ತರಗೆಲೆಯ ಗುಪ್ಪೆಯನ್ನೇ ನೋಡಿದಳು. "ನಾನು ಸುಮ್ನೆ ಹೇಳಿದ್ದು ಕ್ಲಿಫ್. ನಿಜವಾಗ್ಲೂ ಸುಮ್ನೇ. ಎದೆ ಧಸಕ್ ಅನ್ನೋದು ಹೌದು. ಆಮೇಲೆ ಕಿಟಕಿಯಿಂದಲೇ 'ಒಳಗೆ ಬಾರೋ, ಚಳೀಲಿ ಸಾಯ್ತೀಯ' ಅಂತ ಬೈತಿದ್ದೆ. ಬೈದು ಚಹಾಕ್ಕೆ ನೀರಿಡ್ತಿದ್ದೆ." ನಿಲುವಂಗಿಯ ಕೊರಳನ್ನು ಬಿಗಿಯಾಗಿ ಎಳೆದುಕೊಂಡಳು. "ಇರ್ಲಿ ಬಿಡು. ಪರವಾಗಿಲ್ಲ."

ಆ ಬೀದಿಯಲ್ಲಿ 'ಪರವಾಗಿಲ್ಲ' ಎಂಬ ಮಾತಿಗೂ ಅರ್ಥವಿತ್ತು.

ತಿಂಡಿ ತಿಂದವನೇ ಕ್ಲಿಫ್ ತಂತಿಬಲೆಯನ್ನು ಮತ್ತೆ ಎಳೆದು ತಂದ. ತರಗೆಲೆಯ ಗುಪ್ಪೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಮೂರು ಕಡೆ ಗೂಟ ಹೊಡೆದು, ತಳದಿಂದ ಹುಲ್ಲು ತುಂಬುತ್ತ ಬಂದ. ಬೆರಿಲ್ ಅಡುಗೆಮನೆಯ ಕಿಟಕಿ ತೆರೆದು ತಲೆ ಹೊರಹಾಕಿದಳು.

"ಒಳಗೇನಿದೆ ಅಂತ ಅದಕ್ಕೆ ಹೊದಿಸ್ತಿದ್ದೀಯ?"

"ಗಡ್ಡೆ ಬೆಚ್ಚಗಿರ್ಲಿ ಅಂತ."

"ಗಡ್ಡೆ ಇರೋದು ನೆಲದೊಳಗೆ. ನೀನು ಆಕಾಶಕ್ಕೆ ಹುಲ್ಲು ತುಂಬ್ತಿದ್ದೀಯ. ಮೊಣಕಾಲಷ್ಟಿದ್ರೆ ಸಾಲದಾ?"

ಕ್ಲಿಫ್ ಕೈಗಂಟಿದ ಹುಲ್ಲು ಕೊಡವಿದ. ಬಲೆಗೆ ಬೆನ್ನು ತಾಗಿಸಿ ನಿಂತು, ತನ್ನ ನೆತ್ತಿಯ ಮೇಲೆ ಅಂಗೈ ಇಟ್ಟು ಎತ್ತರ ನೋಡಿದ. ಕೈಯನ್ನು ಇನ್ನೊಂದಿಷ್ಟು ಮೇಲಕ್ಕೆ ಸರಿಸಿದ.

"ಬೆರಿಲ್," ಅಂದ, "ಹ್ಯಾರಲ್ಡ್ ನನಗಿಂತ ಎಷ್ಟು ಎತ್ತರ ಇದ್ದ?"