ಗುಂಡಿ ಸಮೇತ

ಹೇಳಿದಂತೆ ರೂಪ ಬದಲಿಸುವ ಆಸ್ಪತ್ರೆಯ ನೆಲ ಎಂದಿನಂತೆ ಬೆಳಿಗ್ಗೆ ಹುಲ್ಲಾಯಿತು, ಮರಳಾಯಿತು, ಮೆಟ್ಟಿಲಾಯಿತು. ಲಕ್ವ ಹೊಡೆದಿದ್ದ ಓಂಕಾರಮ್ಮನ ಎಡಗಾಲು ಮಾತ್ರ ಯಾವುದಕ್ಕೂ ಜಗ್ಗಲಿಲ್ಲ.

"ನಿಮಗೆ ಎಂಥ ನೆಲ ಬೇಕು, ನೀವೇ ಹೇಳಿ ಅಮ್ಮ," ಎಂದಳು ವ್ಯಾಯಾಮ ಮಾಡಿಸುವ ಫೌಜಿಯಾ.

ಇದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. "ನಾನು ಬಸ್ ಕಂಡಕ್ಟರು ಕಣಮ್ಮ. ಸುಮ್ನೆ ನಿಂತಿರೋ ನೆಲದ ಮೇಲೆ ನಡೆದು ನಂಗೆ ರೂಢಿನೇ ಇಲ್ಲ. ನನ್ನ ರೂಟ್ ಹಾಕು, ಗುಂಡಿ ಸಮೇತ."

ಫೌಜಿಯಾ ನಗುತ್ತಾ ನೆಲಕ್ಕೆ ಹಾಗೇ ಹೇಳಿದಳು. ನೆಲ ಗಡಗಡ ಅಲುಗಾಡತೊಡಗಿತು. ಓಂಕಾರಮ್ಮ ಕಂಬಿ ಹಿಡಿದು ನಿಂತಳು. ಗುಂಡಿ ಬಂದು ಮೈ ವಾಲಿದಾಗ ಎಡಗಾಲು ಸರಕ್ಕನೆ ಮುಂದೆ ಬಂದು ಊರಿಕೊಂಡಿತು.

"ನಿಲ್ಲು!" ಎಂದು ಫೌಜಿಯಾ ಗಾಬರಿಯಿಂದ ಕೂಗಿದಳು. ನೆಲ ನಿಂತಿತು.

"ಹೋಲ್ಡಾನ್ ಹೇಳೋದು ನಾನು," ಎಂದು ಗದರಿದ ಓಂಕಾರಮ್ಮ ಕಂಬಿಯಿಂದ ಕೈ ತೆಗೆದಳು. "ರೈಟ್, ರೈಟ್!"