ಒಂದು ಲೈನು, ಎರಡು ಮಾನಿಟರು

ಲ್ಯಾಪ್‌ಟಾಪ್ ಬಿಸಿಯೇರಿದ ಹಾಗೆಲ್ಲ ಅದರಿಂದ ತೇಯ್ದ ಗಂಧದ ವಾಸನೆ ಬರುತ್ತಿತ್ತು. ಚಿಕ್ಕಂದಿನಲ್ಲಿ ಅಜ್ಜಿ ಸಾಣೆಕಲ್ಲಿನ ಮುಂದೆ ಕೂತರೆ ಇದೇ ವಾಸನೆ. ಅದರ ಹಿಂದೆಯೇ ಪಾಯಸ ಬರುತ್ತದೆಂದು ವೀಣಾಗೆ ಆಗ ಗೊತ್ತಿರುತ್ತಿತ್ತು. ಇವತ್ತು ಅದರ ಹಿಂದೆ ಬರುವುದಿದ್ದದ್ದು ಮಧ್ಯಾಹ್ನ ಎರಡಕ್ಕೆ ಕಂಪನಿಯ ವಿಡಿಯೊ ತಪಾಸಣೆ. ಭದ್ರಾವತಿಯ ಮನೆಯಲ್ಲೇ ಕೂತು ಅವಳು ವಿಮೆ ಅರ್ಜಿಗಳನ್ನು ಪರಿಶೀಲಿಸುತ್ತಿದ್ದಳು. ಇನ್ನು ಮುಂದೆ ಲ್ಯಾಪ್‌ಟಾಪಿಗೆ ಎರಡು ಮಾನಿಟರ್ ಜೋಡಿಸಿರಬೇಕು, ಒಂದರಲ್ಲಿ ಆಸ್ಪತ್ರೆಯ ವರದಿ, ಇನ್ನೊಂದರಲ್ಲಿ ವಿಮೆಯ ನಿಯಮ ಕಾಣಬೇಕು ಎಂದು ಕಂಪನಿ ಆಜ್ಞೆ ಮಾಡಿತ್ತು. ಜೋಡಿಸದವರು ಸೋಮವಾರದಿಂದ ಬೆಂಗಳೂರಿನ ಆಫೀಸಿಗೆ ಬರತಕ್ಕದ್ದು. ಬೆಂಗಳೂರಿಗೆ ಬರಲಾಗದವರು ಎಲ್ಲಿಗೂ ಬರಬೇಕಾಗಿಲ್ಲ.

ಮಾನಿಟರುಗಳನ್ನೂ ಕೇಬಲ್ಲುಗಳನ್ನೂ ಕಂಪನಿಯೇ ಉದಾರವಾಗಿ ಕಳಿಸಿತ್ತು. ಮೊದಲನೆಯದು ಎಚ್‌ಡಿಎಂಐ ಪೋರ್ಟಿಗೆ ಸಿಕ್ಕಿಸಿದ ಕೂಡಲೇ ಹತ್ತಿತು. ಎರಡನೆಯದರ ಕೇಬಲ್ಲು ಪಕ್ಕದ ಪುಟ್ಟ ಟೈಪ್-ಸಿ ಪೋರ್ಟಿನಲ್ಲಿ ಅರ್ಧಕ್ಕೇ ನಿಂತಿತು. ಜೋರಾಗಿ ಒತ್ತಿದರೆ ಮುರಿದೀತೆಂದು ವೀಣಾ ಹೆದರಿದಳು.

"ಆ ಪುಟ್ಟ ತೂತು ನಂಬ್ಕೊಂಡು ಯಾಕೆ ಕೂತಿದೀಯ ಮಾರಾಯ್ತಿ? ಒಂದು ಲೈನಿಂದ ಎರಡು ಲೈನ್ ಎಳೆಯೋದು ನಂಗೆ ಬಿಡು" ಎಂದರು ಮಾವ ವೆಂಕಟಾಚಲ.

ಮಾವ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಕೆಂಪು ಹಸಿರು ದೀಪಗಳನ್ನು ಕಾದು ನಿವೃತ್ತರಾದವರು. ಅವರ ಶಾಸ್ತ್ರದಲ್ಲಿ ದೀಪ ಹತ್ತಿದರೆ ಎಲ್ಲ ಸರಿ. ಹತ್ತದಿದ್ದರೆ ಹಿಂದಿನ ಶಿಫ್ಟಿನವರ ತಪ್ಪು. ಹಾಗೆಂದು ಬೆಳಿಗ್ಗೆಯೇ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದವರು, ಮಧ್ಯಾಹ್ನದ ಹೊತ್ತಿಗೆ ಗಾಂಧಿ ಬಜಾರಿನ ಹತ್ತಿರದ ಅಂಗಡಿಯಿಂದ ಒಂದು ಕಡೆ ಒಂದು ಬಾಯಿ, ಇನ್ನೊಂದು ಕಡೆ ಎರಡು ಬಾಯಿ ಇರುವ ಡಬ್ಬಿ ತಂದರು. ಅದರ ಹೆಸರು ಸ್ಪ್ಲಿಟರ್ ಅಂತೆ. "ಅಂಗಡಿಯವನು ಏನೇನೋ ಕೇಳೋಕೆ ಬಂದ. ಕಾರ್ಖಾನೆಲಿದ್ದೋನಿಗೆ ಕರೆಂಟ್ ಪಾಠ ಮಾಡ್ತೀಯೇನಪ್ಪ ಅಂದೆ. ತೆಪ್ಪಗೆ ಕೊಟ್ಟ" ಎಂದು ಹೇಳುತ್ತಲೇ ಅದನ್ನು ಎಚ್‌ಡಿಎಂಐ ಪೋರ್ಟಿಗೆ ಸಿಕ್ಕಿಸಿದರು. ಎರಡು ಮಾನಿಟರುಗಳೂ ಝಗ್ಗನೆ ಹತ್ತಿದವು.

"ಹೆಂಗೆ?"

"ಹತ್ತಿದ್ವು ಮಾವ. ಆದ್ರೆ ಎರಡರಲ್ಲೂ ಒಂದೇ ಬರ್ತಿದೆ."

"ಲೈನ್ ಒಂದೇ ಅಂದ್ಮೇಲೆ ಇನ್ನೇನು ಬರುತ್ತೆ?"

"ಬೇರೆ ಬೇರೆ ಬರ್ಬೇಕು ಮಾವ. ಇಲ್ಲಾಂದ್ರೆ ತಪಾಸಣೆಲಿ ಒಪ್ಪಲ್ಲ."

"ಅದು ನಿಮ್ಮ ಕಂಪನಿಯವ್ರ ಕೊಬ್ಬು ಕಣಮ್ಮ. ಮೊನ್ನೆ ಎದುರುಮನೆ ಮದುವೆಲಿ ಊಟದ ಹಾಲ್‌ನಲ್ಲೂ ಟಿವಿ ಇಟ್ಟು ಅದೇ ತಾಳಿ ಕಟ್ಟೋದು ತೋರಿಸ್ಲಿಲ್ವಾ? ನಮಗೆ ಇಲ್ಲಿ ಬೇರೆ ಗಂಡು ತೋರಿಸಿ ಅಂತ ಯಾರಾದ್ರೂ ಗಲಾಟೆ ಮಾಡಿದ್ರಾ?"

ತಪಾಸಣೆಗೆ ಹೆಚ್ಚು ಹೊತ್ತಿರಲಿಲ್ಲ. ವೀಣಾ ಸ್ಪ್ಲಿಟರನ್ನು ಮೆಲ್ಲಗೆ ಕಿತ್ತು ಪಕ್ಕಕ್ಕಿಟ್ಟು, ಲ್ಯಾಪ್‌ಟಾಪ್ ಆರಿಸಿ, ಮೊಬೈಲಿನ ಟಾರ್ಚಿನಿಂದ ಆ ಪುಟ್ಟ ಪೋರ್ಟಿನೊಳಗೆ ಇಣುಕಿದಳು. ಒಳಗೆ ಹಳದಿಯ ಮೇಲೆ ಕೆಂಪು ಒಣಗಿ ಕೂತಿತ್ತು.

"ಮಾವ, ಆಯುಧಪೂಜೆಲಿ ಇದಕ್ಕೆ ಗಂಧ ಇಟ್ಟೋರು ಯಾರು?"

"ಇನ್ಯಾರಿಡ್ತಾರೆ? ನಾನೇ. ಮುಚ್ಚಳದ ಮೇಲಿಟ್ರೆ ನೀನು ಒರೆಸಿಬಿಡ್ತೀಯ. ವರ್ಷಪೂರ್ತಿ ಉಳೀಲಿ ಅಂತ ತೂತೊಳಗೆ ಒತ್ತಿ ಇಟ್ಟೆ. ಮೇಲೆ ಒಂದಿಷ್ಟು ಕುಂಕುಮನೂ."

ಸಕ್ರೆಬೈಲಿನ ಆನೆಗಳಷ್ಟು ದೊಡ್ಡ ಯಂತ್ರಗಳಿಗೆ ಗಂಧ ಬಳಿದ ಕೈ ಅದು. ಬೆಳಗಿನ ಕಾಫಿ ಬಿಟ್ಟರೆ ಏನನ್ನೂ ಬಾಯಿಗೆ ಹಾಕದೆ ವೀಣಾ ಕಡ್ಡಿ ಹಿಡಿದು ಮಾವನ ಭಕ್ತಿಯನ್ನು ಪುಡಿಪುಡಿಯಾಗಿ ಕೆರೆದು ತೆಗೆಯತೊಡಗಿದಳು. ಮಾವ ಟಾರ್ಚು ಹಿಡಿದರು.

"ಈಗಿನ ಗಂಧ ಬರೀ ಕಲಬೆರಕೆ. ನಮ್ಮ ಕಾಲದ್ದಾಗಿದ್ರೆ ತಾನಾಗೇ ಉದುರಿ ಹೋಗ್ತಿತ್ತು" ಎಂದರು.

"ಹೌದು ಮಾವ" ಎಂದಳು ವೀಣಾ. "ಟಾರ್ಚು ಸ್ವಲ್ಪ ಈ ಕಡೆ ಹಿಡೀರಿ."

ಕೇಬಲ್ಲು ಪೂರ್ತಿ ಒಳಹೋಗಿ ಎರಡನೆಯ ಮಾನಿಟರಿನಲ್ಲಿ ಬೇರೆಯದೇ ಚಿತ್ರ ಮೂಡುವುದಕ್ಕೂ ಕಂಪನಿಯ ಪ್ರಕಾಶ್ ಲ್ಯಾಪ್‌ಟಾಪಿನಲ್ಲಿ ಪ್ರತ್ಯಕ್ಷನಾಗುವುದಕ್ಕೂ ಸರಿಹೋಯಿತು. ಅವನು ಆಗತಾನೇ ಉಂಡು ಬಂದಿದ್ದ. ಮಾತಿಗೆ ಮೊದಲು ತೇಗಿದ.

"ಕ್ಯಾಮೆರಾ ತಿರುಗಿಸಿ ತೋರಿಸಿ ಮೇಡಂ. ಒಂದು... ಎರಡು... ವೆರಿ ಗುಡ್. ಈಗ ಸಂಜೆ ಐದರವರೆಗೆ ಲೈವ್ ಇರುತ್ತೆ. ಸೀಟ್ ಬಿಟ್ಟು ಏಳೋ ಹಾಗಿಲ್ಲ. ಹಿಂದೆ ಮುಂದೆ ಮನೆಯವ್ರು ಓಡಾಡೋದು ಕಂಡ್ರೆ ಫೇಲ್. ಆಮೇಲೆ ನನ್ನ ಕೈಲಿ ಏನೂ ಇಲ್ಲ. ಪೂರಾ ಆಫೀಸ್ ಥರ ಇರ್ಬೇಕು, ಸರೀನಾ?"

"ಸರಿ ಸರ್" ಎಂದಳು ವೀಣಾ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಮಾವ ಒಂದೇ ಹೆಜ್ಜೆಗೆ ಗೋಡೆಯ ಮರೆಗೆ ಸರಿದರು.

ಎಡಗಡೆಯ ಮಾನಿಟರಿನಲ್ಲಿ ಯಾರದೋ ಪಿತ್ತಕೋಶದ ವರದಿ, ಬಲಗಡೆ ಅದಕ್ಕೆ ವಿಮೆ ಯಾಕೆ ಸಿಗುವುದಿಲ್ಲ ಎಂಬುದರ ವಿವರ. ಎರಡನ್ನೂ ಹೋಲಿಸುತ್ತಿದ್ದ ವೀಣಾಳ ಹೊಟ್ಟೆ ಗುರ್ರೆಂದಿತು. ಅಡುಗೆಮನೆಯಲ್ಲಿ ಪಾತ್ರೆಯೊಂದು ಬಿದ್ದ ಸದ್ದಾಯಿತು. ಆ ಸದ್ದಿಗೂ ಪ್ರಕಾಶ್ ಹುಬ್ಬು ಗಂಟಿಕ್ಕಿದ. ಗಂಟೆ ಮೂರಾಯಿತು.

ಕಾಲಿನ ಹತ್ತಿರ ಏನೋ ಸರಿದಾಡಿದಂತಾಗಿ ವೀಣಾ ತಲೆ ಬಗ್ಗಿಸದೆ ಕಣ್ಣನ್ನಷ್ಟೇ ಕೆಳಗೆ ಹೊರಳಿಸಿದಳು. ಕಾರ್ಖಾನೆಯ ಜನರಲ್ ಮ್ಯಾನೇಜರ್ ಬಂದಾಗಲೂ ಸೊಂಟದ ಮೇಲಿನ ಕೈ ತೆಗೆಯದಿದ್ದ ವೆಂಕಟಾಚಲ, ಪಂಚೆ ಎತ್ತಿ ಕಟ್ಟಿಕೊಂಡು, ಮಂಡಿನೋವಿನ ಕಾಲನ್ನು ಎಳೆಯುತ್ತ ಮೇಜಿನ ಮಟ್ಟಕ್ಕಿಂತ ಕೆಳಗೆ ಅಂಬೆಗಾಲಿಟ್ಟು ಬರುತ್ತಿದ್ದರು. ಒಂದು ಕೈಯಲ್ಲಿ ಬಟ್ಟಲು. ಕಲಸಿದ ಸಾರನ್ನ, ಅದರಲ್ಲಿ ನೆಟ್ಟಗೆ ಚುಚ್ಚಿದ ಚಮಚ. ಕ್ಯಾಮೆರಾದ ಕಣ್ಣಿಗೆ ಬೀಳದ ಹಾಗೆ ಅದನ್ನು ಅವಳ ಮಡಿಲಿಗೆ ದಾಟಿಸಿ, ಬಂದ ಹಾಗೆಯೇ ಹಿಂದಕ್ಕೆ ಸರಿದು ಹೋದರು.