ಕಪಾಟಿನ ಕೀಲಿಕೈ

ಸಿದ್ದಲಿಂಗವ್ವ ಸೊಂಟದಿಂದ ಕೀಲಿಕೈ ಗೊಂಚಲು ಕಿತ್ತು, ಪಡಸಾಲೆಯಲ್ಲಿ ಮೂರ್ಛೆ ಬಂದು ಸೆಟೆದು ಬಿದ್ದಿದ್ದ ಮೊಮ್ಮಗಳು ಗಂಗಾಳ ಮುಷ್ಟಿಯೊಳಗೆ ತುರುಕಿಯೇಬಿಟ್ಟಳು.

"ಬ್ಯಾಡ್ರೀ ಅತ್ತಿ! ಕಬ್ಬಿಣದಿಂದ ಏನೂ ಆಗೂದಿಲ್ಲಂತ ಡಾಕ್ಟರು ಎಷ್ಟ ಸಲ ಹೇಳ್ಯಾರ?" ಮಗಳನ್ನು ಮಗ್ಗುಲಿಗೆ ಹೊರಳಿಸಿ ಹಿಡಿದಿದ್ದ ಶೀತಲ ಚೀರಿದಳು. ಗೋಡೆಗೆ ಹೇಳಿದ ಹಾಗಾಯಿತು. ಅವಳ ಕಣ್ಣು ಗಡಿಯಾರದ ಮೇಲಿತ್ತು. ಹೆಚ್ಚಿನ ಸಲ ಎರಡು ಮೂರು ನಿಮಿಷಕ್ಕೆ ಮೂರ್ಛೆ ತಾನಾಗಿಯೇ ನಿಲ್ಲುತ್ತದೆ, ಐದು ದಾಟಿದರೆ ಮಾತ್ರ ಮೂಗಿಗೆ ಔಷಧ ಸಿಂಪಡಿಸಬೇಕು ಎಂದು ಬೈಲಹೊಂಗಲದ ಡಾಕ್ಟರು ಹೇಳಿದ್ದರು. ಈ ಸಲ ನಾಲ್ಕಾಯಿತು. ಔಷಧ ಕೈಗೆ ಸಿದ್ಧವಿರಲೆಂದು ಎದ್ದು ಕಪಾಟಿನ ಹಿಡಿಕೆ ಜಗ್ಗಿದವಳು ಹಾಗೇ ನಿಂತುಬಿಟ್ಟಳು. ಮಕ್ಕಳ ಕೈಗೆ ಸಿಗಬಾರದೆಂದು ತಾನೇ ಹಾಕಿಸಿದ ಬೀಗ. ಅದರ ಕೀಲಿಕೈ ಈಗ ಗಂಗಾಳ ಮುಷ್ಟಿಯಲ್ಲಿತ್ತು.

ಓಡಿ ಬಂದು ಮಗಳ ಬೆರಳು ಬಿಡಿಸಲು ಹೆಣಗಿದಳು. ಕಲ್ಲಿನಂತೆ ಬಿಗಿದಿದ್ದವು, ಒಂದೂ ಮಿಸುಕಲಿಲ್ಲ. "ಬಿಡಸಬ್ಯಾಡ! ಅದರಿಂದನ ಕೂಸು ಉಳೀತೈತಿ" ಎಂದು ಸಿದ್ದಲಿಂಗವ್ವ ಸೊಸೆಯ ಕೈಯನ್ನೇ ತಳ್ಳಿದಳು. ಐದು ನಿಮಿಷಕ್ಕೆ ಇನ್ನು ಕೆಲವೇ ಸೆಕೆಂಡು ಇರುವಾಗ ಗಂಗಾಳ ಮೈ ತಾನಾಗಿ ಸಡಿಲವಾಯಿತು. ಬೆರಳು ಬಿಚ್ಚಿಕೊಂಡು, ಗೊಂಚಲು ಝಣ್ಣೆಂದು ನೆಲಕ್ಕೆ ಜಾರಿತು.

ಸಿದ್ದಲಿಂಗವ್ವ ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡಳು.

"ನೋಡಿದೇನ? ಕಬ್ಬಿಣ ಹಿಡಿಸಿದ್ದಕ್ಕ ಬಿಟ್ಟು ಹೋತು. ನಿನ್ನ ಔಷಧಿ ಕಪಾಟಿನ್ಯಾಗ ಕುಂತಿತ್ತಲ್ಲಾ!"